ನೈನ್‌ಗೆ ಟೈಮ್: ದುರಂತದ ಪದ್ಯದಲ್ಲಿ ಪ್ರಾಸ ಎಲ್ಲಿ ಕೈ ಕೊಡುತ್ತದೆ

2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿ ಬಂದಾಗ ನಾನೂ ಒಂದು ಪದ್ಯ ಬರೆದಿದ್ದೆ. ಬರೆದೆ ಅನ್ನೋದಕ್ಕಿಂತ ಅದೇ ಬರೆಸಿಕೊಂಡಿತು ಅನ್ನಬೇಕು. ಮೊದಲ ಸಾಲು 'ಯಿತು' ಅಂತ ಮುಗಿದದ್ದೇ ತಡ, ಉಳಿದದ್ದೆಲ್ಲ ಕುರಿ ಹಿಂಡಿನ ಹಾಗೆ ಅದರ ಹಿಂದೆಯೇ ಬಂತು.

ಮಳೆ ಸುರಿಯಿತು, ಹೊಳೆ ಉಕ್ಕಿ ಹರಿಯಿತು
ಊರಿಗೆ ಊರೇ ನೀರಲ್ಲಿ ಮುಳುಗಿ ಹೋಯಿತು
ಬಡವರ ಬಾಳು ಮೂರಾಬಟ್ಟೆಯಾಯಿತು
ಸರ್ಕಾರ ಪರಿಹಾರವನ್ನು ಘೋಷಿಸಿತು

ನಿಧಿ ಸಂಗ್ರಹದ ಒಂದು ಸಣ್ಣ ಸಭೆಯಲ್ಲಿ ಇದನ್ನು ಓದಿದೆ. ನಾಲ್ಕನೇ ಸಾಲಿಗೆ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ಬಂತು. ಮನೆ ಕಳೆದುಕೊಂಡವರ ಬಗ್ಗೆ ಓದುವಾಗ ನಗೋದಾ? ಆಮೇಲೆ ಮನೆಗೆ ಬಂದು ಜೋರಾಗಿ ನನಗೆ ನಾನೇ ಓದಿಕೊಂಡೆ. ನನಗೂ ನಗು ಬಂತು.

ನೋವು ಸುಳ್ಳಾಗಿರಲಿಲ್ಲ. ಹಾಗಾದರೆ ನಗು ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸ್ಕಾಟ್ಲೆಂಡಿನ ಒಂದು ರೈಲು ಸೇತುವೆಗೆ ಹೋಗಿ ಮುಟ್ಟುತ್ತೇವೆ. ಅದು ಬಿದ್ದಾಗ ಇಬ್ಬರು ಪದ್ಯ ಬರೆದರು. ಇಬ್ಬರೂ ಪ್ರಾಸ ಹಾಕಿದರು. ಒಂದು ಪದ್ಯಕ್ಕೆ ಲೋಕ ಇವತ್ತಿಗೂ ನಗುತ್ತದೆ. ಇನ್ನೊಂದನ್ನು ಓದಿದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಮೊದಲು ಸೇತುವೆಯ ಕಥೆ. ಡಂಡೀ ಪಟ್ಟಣದ ಪಕ್ಕ ಟೇ ನದಿ ಸಮುದ್ರ ಸೇರುವ ಕಡೆ ತುಂಬಾ ಅಗಲ. ಅಲ್ಲಿ ಥಾಮಸ್ ಬೌಚ್ ಅನ್ನುವ ಎಂಜಿನಿಯರ್ ಮೂರು ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಿದ. 1878ರಲ್ಲಿ ರೈಲು ಓಡಾಟ ಶುರುವಾಯಿತು. ಮರುವರ್ಷ ವಿಕ್ಟೋರಿಯಾ ರಾಣಿ ಅದರ ಮೇಲೆ ದಾಟಿದಳು, ಬೌಚ್‌ಗೆ ಸರ್ ಪದವಿ ಸಿಕ್ಕಿತು. 1879ರ ಡಿಸೆಂಬರ್ 28, ಭಾನುವಾರ ರಾತ್ರಿ ಏಳು ಗಂಟೆ ದಾಟಿತ್ತು, ಬಿರುಗಾಳಿ ಬೀಸುತ್ತಿತ್ತು. ದಕ್ಷಿಣ ದಡದಿಂದ ರೈಲೊಂದು ಸೇತುವೆ ಹತ್ತಿತು. ನಡುಭಾಗದಲ್ಲಿ ಎತ್ತರಕ್ಕೆ ಏರಿಸಿದ್ದ 13 ಗರ್ಡರುಗಳು ರೈಲಿನ ಸಮೇತ ನದಿಗೆ ಬಿದ್ದವು. ಯಾರೂ ಬದುಕಲಿಲ್ಲ.

ಆ ಊರಲ್ಲಿ ವಿಲಿಯಂ ಮೆಕ್‌ಗೋನಗಲ್ ಅಂತ ಒಬ್ಬ ಕೈಮಗ್ಗದ ನೇಕಾರ ಇದ್ದ. 1877ರಲ್ಲಿ ಇದ್ದಕ್ಕಿದ್ದಂತೆ ತಾನು ಕವಿ ಅಂತ ಅವನಿಗೆ ಅನ್ನಿಸಿಬಿಟ್ಟಿತು. ಸೇತುವೆ ನಿಂತಿದ್ದಾಗಲೇ ಅದನ್ನು ಹೊಗಳಿ ಒಂದು ಪದ್ಯ ಬರೆದಿದ್ದ. ಹಗಲಿರಲಿ ರಾತ್ರಿ ಇರಲಿ, ದಾಟುವವರಿಗೆ ಏನೂ ಆಗದಂತೆ ದೇವರು ಕಾಪಾಡಲಿ ಅಂತ ಅದರಲ್ಲಿ ಕೇಳಿಕೊಂಡಿದ್ದ, ಪಾಪ. ಸೇತುವೆ ಬಿದ್ದ ಮೇಲೆ ಮತ್ತೊಂದು ಬರೆದ. ಅದರ ಶುರು ಹೀಗಿದೆ, ಅರ್ಥ ಮಾತ್ರ ಕೊಡುತ್ತೇನೆ: ಬೆಳ್ಳಿಯ ಟೇ ನದಿಯ ಚೆಂದದ ರೈಲು ಸೇತುವೆಯೇ, ಅಯ್ಯೋ ಹೇಳೋದಕ್ಕೆ ತುಂಬಾ ಬೇಜಾರು, ತೊಂಬತ್ತು ಜೀವ ಹೋದವು, 1879ರ ಕೊನೆಯ ಸಬ್ಬತ್ತಿನ ದಿನ (ಅಂದರೆ ಭಾನುವಾರ), ಇದು ತುಂಬಾ ಕಾಲ ನೆನಪಿರುತ್ತದೆ.

ಇಂಗ್ಲಿಷಿನಲ್ಲಿ ಸಾಲುಗಳ ಕೊನೆ ನೋಡಿ. ಟೇ, ಸೇ, ಅವೇ. ಆಮೇಲೆ 'ಎಯ್ಟೀನ್ ಸೆವೆಂಟಿ ನೈನ್', ಅದಕ್ಕೆ ಜೋಡಿ 'ವೆರಿ ಲಾಂಗ್ ಟೈಮ್'. ನೈನ್‌ಗೆ ಟೈಮ್! ಅದನ್ನೇ ಪಲ್ಲವಿ ಮಾಡಿಕೊಂಡು ಪದ್ಯದ ಉದ್ದಕ್ಕೂ ಮತ್ತೆ ಮತ್ತೆ ತರುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಾಸ ಅಂದರೆ ಕಿವಿ ಹತ್ತಿರ ಮಾಡಿದ ಕೈಸಾಲ ಇದ್ದ ಹಾಗೆ. ಒಂದು ಶಬ್ದ ಕೊಟ್ಟಿರಿ ಅಂದರೆ ಅದರ ಜೋಡಿ ಶಬ್ದ ಬರಲೇಬೇಕು ಅಂತ ಕೇಳುವವನು ಕಾಯುತ್ತಾನೆ. ಎಷ್ಟು ಹೊತ್ತು ಕಾಯಬೇಕು? ಅದನ್ನು ಹೇಳೋದು ಲಯ. ಸಾಲಕ್ಕೆ ವಾಯಿದೆ ಇರುತ್ತಲ್ಲ, ಹಾಗೆ. ತಾಳದ ನಾಲ್ಕು ಪೆಟ್ಟಿಗೆ ಒಂದು ಸಾಲು ಅಂತ ಕಿವಿಗೆ ಗೊತ್ತಾದರೆ ನಾಲ್ಕನೇ ಪೆಟ್ಟಿಗೆ ಸರಿಯಾಗಿ ಜೋಡಿ ಶಬ್ದ ಬಂದು ಬೀಳುತ್ತದೆ, ಕಿವಿ ಅದನ್ನು ಗಮನಿಸೋದೂ ಇಲ್ಲ, ಅರ್ಥದ ಕಡೆ ಹೋಗುತ್ತದೆ.

ಮೆಕ್‌ಗೋನಗಲ್ ಹತ್ತಿರ ವಾಯಿದೆ ಇಲ್ಲ. ಒಂದು ಸಾಲು ಗಿಡ್ಡ, ಒಂದು ಉದ್ದ. ಇನ್ನೊಂದು ಮಾತ್ರ ಊರೆಲ್ಲ ಸುತ್ತಿ, ಉಸಿರು ಕಟ್ಟಿ, ಕೊನೆಗೆ ಪ್ರಾಸದ ಬಾಗಿಲಿಗೆ ಬಂದು ದಬ್ ಅಂತ ಬೀಳುತ್ತದೆ. ಕೇಳುವವನಿಗೆ ಅರ್ಥ ಮರೆತು ಹೋಗಿ 'ಈಗ ಇವನು ಜೋಡಿ ಶಬ್ದ ಹೇಗೆ ತರ್ತಾನೆ' ಅನ್ನೋದೇ ಕುತೂಹಲ ಆಗಿಬಿಡುತ್ತದೆ. ನಗೆಹನಿ ಕಟ್ಟೋದೂ ಹೀಗೇ ಅಲ್ವಾ? ಕಾಯಿಸಿ ಕಾಯಿಸಿ ಒಂದು ಶಬ್ದ ಬೀಳಿಸೋದು. ಹಾಗಾಗಿ ಲಯ ಇಲ್ಲದೆ ಬರೀ ಪ್ರಾಸ ಇಟ್ಟುಕೊಂಡರೆ, ವಿಷಯ ಸಾವೇ ಆಗಿದ್ದರೂ, ಪದ್ಯ ಜೋಕಿನ ಹಾದಿ ಹಿಡಿಯುತ್ತದೆ.

ಇನ್ನೂ ಒಂದಿದೆ. ಸೇತುವೆಗೆ ಎರಡೂ ಕಡೆ ಊರೆಗೋಡೆ ಇದ್ದಿದ್ದರೆ ಬೀಳುತ್ತಿರಲಿಲ್ಲ ಅಂತ ತಿಳಿದವರು ಹೇಳ್ತಾರೆ, ಅಂತ ಪದ್ಯದ ಕೊನೆ ಹತ್ತಿರ ಬರುತ್ತದೆ. ಊರೆಗೋಡೆಗೆ ಇಂಗ್ಲಿಷಿನಲ್ಲಿ 'ಬಟ್ರೆಸಸ್'. ಅದಕ್ಕೆ ಪ್ರಾಸ 'ಕನ್ಫೆಸಸ್'. ವ್ಯಾಕರಣದ ಪ್ರಕಾರ ಅಲ್ಲಿ 'ಮೆನ್ ಕನ್ಫೆಸ್' ಆಗಬೇಕು. ಪ್ರಾಸಕ್ಕೋಸ್ಕರ ಬಾಲ ಅಂಟಿಸಿದ. ಸಾಲದ್ದಕ್ಕೆ, ಇಂಗ್ಲಿಷ್ ಕಿವಿಗೆ ಟೇ, ಸೇ ಥರದ ಒಂದು ಉಚ್ಚಾರದ (ಸಿಲಬಲ್‌ನ) ಪ್ರಾಸ ಗಂಭೀರವಾಗಿ ಕೇಳುತ್ತದೆ, ಎರಡು ಮೂರು ಉಚ್ಚಾರದ ಪ್ರಾಸ ಸಾಮಾನ್ಯವಾಗಿ ತಮಾಷೆಯಾಗಿ ಕೇಳುತ್ತದೆ.

ಸಾಮಾನ್ಯವಾಗಿ ಅಂದೆ, ಯಾವಾಗಲೂ ಅಲ್ಲ. ಥಾಮಸ್ ಹುಡ್ ಅನ್ನುವ ಕವಿ, ಹಾಸ್ಯಕ್ಕೇ ಹೆಸರಾದವನು, ನೀರಿಗೆ ಹಾರಿ ಸತ್ತ ಹೆಣ್ಣಿನ ಬಗ್ಗೆ 1844ರಲ್ಲಿ ಬರೆದ ಪದ್ಯದಲ್ಲಿ ಇಂಥದ್ದೇ ಮೂರು ಉಚ್ಚಾರದ ಪ್ರಾಸ ಹಾಕಿದ, ಓಡುವ ಧಾಟಿಯಲ್ಲಿ. ಯಾರೂ ನಗಲಿಲ್ಲ. ಅದನ್ನೇ ಬಿ.ಎಂ.ಶ್ರೀ. 'ದುಃಖಸೇತು' ಅಂತ ಕನ್ನಡಕ್ಕೆ ತಂದರು, 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿದೆ. ಹುಡ್ ಹತ್ತಿರ ಲಯ ಒಂದು ಕೂದಲೆಳೆಯೂ ತಪ್ಪುವುದಿಲ್ಲ. ಹಗ್ಗದ ಮೇಲೆ ನಡೆಯುವವನು ಕುಣಿದರೂ ನಡೆಯುತ್ತದೆ, ಬೀಳದೇ ಇದ್ದರೆ ಸರಿ.

ಈಗ ಎರಡನೇ ಪದ್ಯ. ಸೇತುವೆ ಬಿದ್ದ ಎರಡೇ ವಾರದೊಳಗೆ, 1880ರ ಜನವರಿಯಲ್ಲಿ, ಜರ್ಮನಿಯ ಒಂದು ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಬರೆದವನು ಥಿಯೋಡರ್ ಫೊಂಟಾನ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಮೂವರು ಮಾಟಗಾತಿಯರನ್ನು ಅವನು ಎರವಲು ತಂದ. ನಾವು ಮೂವರೂ ಮತ್ತೆ ಸೇರೋದು ಯಾವಾಗ? ಏಳು ಗಂಟೆಗೆ, ಸೇತುವೆ ಹತ್ತಿರ. ನಡುಗಂಬದ ಹತ್ತಿರ. ದೀಪ ನಾನು ಆರಿಸ್ತೀನಿ. ನಾನೂ ಬರ್ತೀನಿ. ಹೀಗೆ ಶುರು. ಒಂದು ಸಾಲನ್ನು ಇಬ್ಬರು ಮೂವರು ಹಂಚಿಕೊಂಡು ಮಾತಾಡುತ್ತಾರೆ, ಆದರೆ ಆ ತುಂಡುಗಳನ್ನೆಲ್ಲ ಕೂಡಿಸಿದರೆ ಸಾಲಿಗೆ ನಾಲ್ಕು ಪೆಟ್ಟು ಸರಿಯಾಗಿ ಕೂತಿರುತ್ತದೆ.

ಆಮೇಲೆ ದೃಶ್ಯ ಬದಲಾಗುತ್ತದೆ. ಉತ್ತರ ದಡದಲ್ಲಿ ಸೇತುವೆ ಕಾಯುವವನ ಮನೆ, ಕಿಟಕಿಗಳೆಲ್ಲ ದಕ್ಷಿಣಕ್ಕೆ. ಮಗ ಜಾನಿ ರೈಲು ಓಡಿಸಿಕೊಂಡು ಬರುತ್ತಿದ್ದಾನೆ. ಕ್ರಿಸ್‌ಮಸ್ ಮರದ ದೀಪ ಇನ್ನೊಂದು ಸಲ ಹಚ್ಚು, ಹನ್ನೊಂದು ನಿಮಿಷದಲ್ಲಿ ಹುಡುಗ ಒಳಗೆ ಬಂದಿರ್ತಾನೆ ಅಂತ ಅಪ್ಪ ಹೇಳುತ್ತಾನೆ. ಈ ಮನೆ, ಈ ಜಾನಿ ಎಲ್ಲ ಫೊಂಟಾನ ಕಟ್ಟಿಕೊಂಡದ್ದು. ಸಾಲುಗಳು ಎರಡೆರಡಾಗಿ ಪ್ರಾಸ ಹಾಕಿಕೊಂಡು ಓಡುತ್ತವೆ. ಓದುತ್ತಾ ಹೋದರೆ ರೈಲಿನ ಗಾಲಿ ಹಳಿಯ ಸಂದು ದಾಟುವ ಸದ್ದು ಕೇಳಿದಂತೆ ಆಗುತ್ತದೆ. ಎರಡು ಸಾಲು, ಪ್ರಾಸ. ಎರಡು ಸಾಲು, ಪ್ರಾಸ.

ಆಮೇಲೆ ಸೇತುವೆ ಬೀಳುತ್ತದೆ. ಬೀಳುವುದನ್ನು ಫೊಂಟಾನ ಇಲ್ಲಿ ಹೇಳುವುದೇ ಇಲ್ಲ. ಕಿಟಕಿಯಲ್ಲಿ ನಿಂತವರಿಗೆ ಕಂಡದ್ದಷ್ಟೇ ಹೇಳುತ್ತಾನೆ: ಆಕಾಶದಿಂದ ಬೆಂಕಿ ಬಿದ್ದಂತೆ ಒಂದು ಹೊಳಪು ಕೆಳಕ್ಕೆ ಧುಮುಕಿತು, ಕೆಳಗೆ ನೀರಿನ ಮೇಲೆ... ಮತ್ತೆ ರಾತ್ರಿ. ಜರ್ಮನ್‌ನಲ್ಲಿ ಹೊಳಪಿಗೆ 'ಪ್ರಾಖ್ಟ್', ರಾತ್ರಿಗೆ 'ನಾಖ್ಟ್'. ಜೋಡಿ ಪ್ರಾಸ. ಆ ಮೂರು ಚುಕ್ಕೆ ಇವೆಯಲ್ಲ, ಅವು ಸಾಲಿನ ನಟ್ಟನಡುವೆ ಬರುತ್ತವೆ. ರೈಲು ನಿಂತಿತು, ಲಯ ನಿಲ್ಲಲಿಲ್ಲ. ಚುಕ್ಕೆಗಳನ್ನು ದಾಟಿ ಬಂದು ಸಾಲು ತನ್ನ ಪೆಟ್ಟು ಮುಗಿಸಿ ಪ್ರಾಸ ಒಪ್ಪಿಸುತ್ತದೆ. ರೈಲು ಬರಬೇಕಾದ ಜಾಗಕ್ಕೆ ಪ್ರಾಸ ಮಾತ್ರ ಬಂದು ಸೇರಿತು.

ಇದನ್ನು ಕನ್ನಡದಲ್ಲಿ ಮಾಡಬಹುದಾ ಅಂತ ನಾನು ಒಂದು ಸಂಜೆಯೆಲ್ಲ ಕೂತು ನೋಡಿದೆ. ನಮ್ಮ ಲೆಕ್ಕ ಬೇರೆ. ಇಂಗ್ಲಿಷ್, ಜರ್ಮನ್‌ಗಳಲ್ಲಿ ಪದದ ಯಾವ ಭಾಗಕ್ಕೆ ಒತ್ತು ಬೀಳುತ್ತದೆ ಅನ್ನೋದನ್ನು ಎಣಿಸುತ್ತಾರೆ. ನಾವು ಎಣಿಸೋದು ಮಾತ್ರೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಮೂರು ಮಾತ್ರೆಯ ಗಣ ಕುದುರೆ ಓಟದ ಹಾಗೆ ಓಡುತ್ತದೆ. ಅದನ್ನೇ ಹಿಡಿದೆ, ಸಾಲಿಗೆ ಐದು ಗಣ:

ಹೊಳೆದು | ಬಾನ | ಬೆಂಕಿ | ಯಂತೆ | ಉರುಳಿ
ಕೆಳಗೆ | ನೀರ | ಮೇಲೆ... | ಮತ್ತೆ | ಇರುಳು

ಬೆರಳು ಮಡಚಿ ಎಣಿಸಿ ನೋಡಿ. ಹೊ-ಳೆ-ದು, ಮೂರು. ಬಾ-ನ, ಎರಡು ಒಂದು ಮೂರು. ಬೆಂ-ಕಿ, ಮೂರು. ಕೊನೆವರೆಗೂ ಹಾಗೇ. ಚುಕ್ಕೆ ಬಂದ ಕಡೆ ನಾಲಿಗೆ ನಿಲ್ಲಬೇಕು ಅನ್ನುತ್ತದೆ, ಲಯ ಮುಂದೆ ತಳ್ಳುತ್ತದೆ. ಎರಡೂ ಎಳೆದಾಡುವ ಆ ಅರೆಕ್ಷಣವೇ ಬೇಕಾದದ್ದು. 'ಉರುಳಿ', 'ಇರುಳು' ಪೂರ್ತಿ ಪ್ರಾಸ ಅಲ್ಲ, ಗೊತ್ತು. ಮೊದಲು ಅಲ್ಲಿ 'ಹೊಳೆಯಿತು', 'ಇರುಳಾಯಿತು' ಅಂತ ಹಾಕಿದ್ದೆ. ಮಾತ್ರೆ ಎಣಿಸೋ ಮೊದಲೇ ಕಿವಿ ಬೇಡ ಅಂತು. ಮತ್ತೆ ಅದೇ ಯಿತು!

ಕನ್ನಡದವರ ಹಳೇ ಕಾಯಿಲೆ ಇದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕ್ರಿಯಾಪದಗಳೆಲ್ಲ ನಾಲ್ಕೈದು ಬಾಲಗಳಲ್ಲೇ ಮುಗಿಯುತ್ತವೆ. ಬಂದರು, ಹೋದರು, ಸತ್ತರು. ಆಯಿತು, ಹೋಯಿತು. ಅಂತ್ಯಪ್ರಾಸ ನಮಗೆ ಪುಕ್ಕಟೆ. ಪುಕ್ಕಟೆ ಸಿಕ್ಕಿದ ಪ್ರಾಸಕ್ಕೆ ಬೆಲೆ ಇಲ್ಲ, ಯಾಕಂದ್ರೆ ಅಲ್ಲಿ ಎರಡು ಪದ ಒಂದನ್ನೊಂದು ಭೇಟಿ ಆಗುವುದಿಲ್ಲ, ಎರಡು ಪ್ರತ್ಯಯ ಆಗುತ್ತವೆ ಅಷ್ಟೇ. 'ಹೊಳಪು' ಅನ್ನುವ ಪದ 'ರಾತ್ರಿ'ಯ ಎದುರು ನಿಂತಂತೆ ಆಗುವುದಿಲ್ಲ. ನಮ್ಮ ಹಳಬರು ಪ್ರಾಸವನ್ನು ಸಾಲಿನ ಕೊನೆಗೆ ಇಡದೆ ಶುರುವಿನ ಎರಡನೇ ಅಕ್ಷರಕ್ಕೆ ಇಟ್ಟದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ. ಮೇಲಿನ ಎರಡು ಸಾಲಿನಲ್ಲಿ 'ಹೊಳೆ', 'ಕೆಳ' ಇವೆಯಲ್ಲ, ಎರಡರಲ್ಲೂ ಎರಡನೇ ಅಕ್ಷರ ಳಕಾರ. ಅದೇ ಆದಿಪ್ರಾಸ. ಪ್ರತ್ಯಯದ ಕೈಗೆ ಅದು ಸಿಗುವುದಿಲ್ಲ, ಪದದ ಬುಡಕ್ಕೇ ಕೈ ಹಾಕಬೇಕು. ಅದೂ ಸವೆದು ಸವೆದು ಬರೀ ಕಟ್ಟಳೆ ಆಗಿದ್ದಾಗ 1911ರಲ್ಲಿ ಗೋವಿಂದ ಪೈ ಅದನ್ನು ಕೈಬಿಟ್ಟರು, ದೊಡ್ಡ ಗಲಾಟೆಯೇ ಆಯಿತು. ಆದರೆ ಅವರು ಬಿಟ್ಟದ್ದು ಪ್ರಾಸ, ಲಯವನ್ನಲ್ಲ. ಇದನ್ನು ಜಾಸ್ತಿ ಜನ ಮರೆತುಬಿಡುತ್ತಾರೆ.

ಜಾಗ ತುಂಬಿಸುವ ಪದಗಳ ವಿಷಯಕ್ಕೆ ಬರೋಣ. ಲಯದಲ್ಲಿ ಎರಡು ಮಾತ್ರೆ ಕಡಿಮೆ ಬಿದ್ದರೆ ಕವಿ ಏನಾದರೂ ತುರುಕುತ್ತಾನೆ. ಹಳಗನ್ನಡದಲ್ಲಿ 'ಗಡ', 'ವಲಂ' ಅಂತ ಇರುತ್ತಿದ್ದವು. ಇದಕ್ಕೆ ಪಾದಪೂರಣ ಅಂತ ಹೆಸರು. ಟೇ ಸೇತುವೆಯ ತನಿಖೆ ನಡೆದಾಗ ಒಂದು ವಿಷಯ ಹೊರಗೆ ಬಂತು. ಸೇತುವೆಯ ಎರಕದ ಕಬ್ಬಿಣದ ಕಂಬಗಳಲ್ಲಿ ಗಾಳಿಗುಳ್ಳೆಯ ತೂತುಗಳಿದ್ದವು. ಎರಕದ ಕೆಲಸದವರು ಜೇನುಮೇಣ, ರಾಳ, ಕಬ್ಬಿಣದ ಪುಡಿ, ದೀಪದ ಮಸಿ ಕಲಸಿ ಒಂದು ಉಂಡೆ ಮಾಡಿ ತೂತಿಗೆ ಮೆತ್ತುತ್ತಿದ್ದರು. ಆ ಉಂಡೆಗೆ ಅವರಲ್ಲಿ 'ಬೋಮಾಂಟ್ಸ್ ಎಗ್' ಅಂತ ಹೆಸರು. ಮೆತ್ತಿ ಉಜ್ಜಿ ಬಣ್ಣ ಹೊಡೆದರೆ ಗಟ್ಟಿ ಕಬ್ಬಿಣದಂತೆಯೇ ಕಾಣುತ್ತಿತ್ತು. ಇದನ್ನು ಓದಿದ ದಿನ ನನ್ನ ಪದ್ಯದಲ್ಲಿದ್ದ 'ನೀರಲ್ಲಿ' ನೆನಪಾಯಿತು. ಹೊಳೆ ಉಕ್ಕಿ ಊರು ಮುಳುಗಿದ್ದು ನೀರಲ್ಲದೆ ಇನ್ನೇನರಲ್ಲಿ? ಮೇಣ.

ತನಿಖೆಯಲ್ಲಿ ಇನ್ನೂ ದೊಡ್ಡ ತಪ್ಪು ಗೊತ್ತಾಯಿತು. ಗಾಳಿಯ ಹೊಡೆತಕ್ಕೆ ಅಂತ ಬೌಚ್ ಬೇರೆ ಲೆಕ್ಕವನ್ನೇ ಹಾಕಿರಲಿಲ್ಲ. ಸೇತುವೆಯ ವಿನ್ಯಾಸ ಕೆಟ್ಟದ್ದು, ಕಟ್ಟಿದ್ದು ಕೆಟ್ಟದ್ದು, ನೋಡಿಕೊಂಡದ್ದು ಕೆಟ್ಟದ್ದು ಅಂತ ತನಿಖೆಯ ಮುಖ್ಯಸ್ಥ ರಾಥರಿ ಬರೆದ. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಮೂರು ಸಲ 'ಬ್ಯಾಡ್ಲಿ'. ಸರ್ಕಾರಿ ವರದಿ ಅದು, ಗದ್ಯ. ಆದರೂ ಸಿಟ್ಟು ಬಂದ ಮನುಷ್ಯನ ಮಾತು ತಾನಾಗಿಯೇ ತಾಳಕ್ಕೆ ಬಿದ್ದಿದೆ. ನಮ್ಮ ಊರುಗಳಲ್ಲಿ ಹೆಣದ ಮುಂದೆ ಹಾಡಿಕೊಂಡು ಅಳುವವರನ್ನು ನೋಡಿದ್ದೀರಲ್ಲ. ಅವರಿಗೆ ಛಂದಸ್ಸು ಯಾರೂ ಕಲಿಸಿಲ್ಲ. ಎದೆ ಬಡಿದುಕೊಳ್ಳುವ ಕೈಯೇ ತಾಳ ಹಾಕುತ್ತದೆ, ಉಸಿರು ಮುಗಿದ ಕಡೆ ಸಾಲು ಮುಗಿಯುತ್ತದೆ. ಹಾಗಾಗಿ 'ಸಾವಿನ ಬಗ್ಗೆ ಬರೆಯುವಾಗ ಲಯ ಪ್ರಾಸ ಎಲ್ಲ ಕೃತಕ, ಬಿಟ್ಟುಬಿಡಬೇಕು' ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದುಃಖಕ್ಕೆ ಲಯ ಹೊರಗಿನಿಂದ ಬಂದದ್ದಲ್ಲ. ಪ್ರಾಸ ಹೊರಗಿನದು, ಹೌದು. ಅದಕ್ಕೇ ಅದನ್ನು ಕರೆಯುವ ಮೊದಲು ಕೆಲಸ ಏನು ಅಂತ ಕೇಳಬೇಕು.

ಟೈಟಾನಿಕ್ ಹಡಗು ಮುಳುಗಿದಾಗ ಇಂಗ್ಲಿಷ್ ಕವಿ ಥಾಮಸ್ ಹಾರ್ಡಿ ಪ್ರಾಸಕ್ಕೆ ಒಂದು ಕೆಲಸ ಕೊಟ್ಟ. 1912ರ ಮೇ ತಿಂಗಳಲ್ಲಿ ಸಂತ್ರಸ್ತರ ನಿಧಿಗಾಗಿ ಲಂಡನ್ನಿನಲ್ಲಿ ನಡೆದ ಕಾರ್ಯಕ್ರಮದ ಪುಸ್ತಿಕೆಗೆ ಅವನು ಪದ್ಯ ಕೊಟ್ಟಿದ್ದ. ಮೂರು ಮೂರು ಸಾಲಿನ 11 ನುಡಿ. ಎರಡು ಸಾಲು ಗಿಡ್ಡ, ಮೂರನೆಯದು ಉದ್ದ, ಮೂರಕ್ಕೂ ಒಂದೇ ಪ್ರಾಸ. ಹಡಗು ಒಂದು ಕಡೆ ಬೆಳೆಯುತ್ತದೆ, ಹಿಮಗಡ್ಡೆ ಇನ್ನೊಂದು ಕಡೆ ಬೆಳೆಯುತ್ತದೆ, ಎರಡೂ ಒಂದನ್ನೊಂದು ಹುಡುಕಿಕೊಂಡು ಬಂದಂತೆ ಸೇರುತ್ತವೆ. ಪ್ರಾಸ ಮಾಡೋದೂ ಅದನ್ನೇ ಅಲ್ವಾ, ಬೇರೆ ಬೇರೆ ಕಡೆ ಇದ್ದ ಎರಡು ಪದಗಳನ್ನು ಡಿಕ್ಕಿ ಹೊಡೆಸೋದು. ಜಾಣತನವೇನೋ ಸರಿ. ನನಗೆ ಸ್ವಲ್ಪ ತಣ್ಣಗೆ ಅನ್ನಿಸುತ್ತದೆ, ಸತ್ತವರು ಆ ಪದ್ಯದಲ್ಲಿ ಕಾಣುವುದೇ ಇಲ್ಲ.

ಸತ್ತವರ ಲೆಕ್ಕ ಇಂಥ ಪದ್ಯಗಳ ಅತಿ ಕಷ್ಟದ ಜಾಗ. ಅಂಕಿ ಅನ್ನೋದು ಮೊಂಡು. ಬಗ್ಗಿಸಿದರೆ ಸುಳ್ಳಾಗುತ್ತದೆ, ಬಗ್ಗಿಸದಿದ್ದರೆ ಲಯ ಮುರಿಯುತ್ತದೆ. ಮೆಕ್‌ಗೋನಗಲ್ ಮೂರನೇ ಸಾಲಿಗೇ ತೊಂಬತ್ತು ಅಂದುಬಿಟ್ಟ. ಅಷ್ಟು ಜನ ಇರಲಿಲ್ಲ. ಸೇತುವೆ ಹತ್ತುವ ಮೊದಲು ಡಂಡೀಗೆ ಹೋಗುವವರ 56 ಟಿಕೆಟ್ ವಾಪಸ್ ತೆಗೆದುಕೊಂಡಿದ್ದರು. ಪಾಸ್ ಇದ್ದವರು, ಮುಂದಿನ ಊರುಗಳಿಗೆ ಹೋಗುವವರು, ರೈಲಿನ ಸಿಬ್ಬಂದಿ ಎಲ್ಲ ಸೇರಿಸಿ 74 ಅಥವಾ 75 ಅಂತ ಅಂದಾಜು ಮಾಡಿದರು.

ಫೊಂಟಾನ ಏನು ಮಾಡಿದ ನೋಡಿ. ಕೊನೆಯಲ್ಲಿ ಮಾಟಗಾತಿಯರು ಮತ್ತೆ ಬರುತ್ತಾರೆ. ಮತ್ತೆ ಯಾವಾಗ ಸೇರೋಣ? ನಡುರಾತ್ರಿ, ಬೆಟ್ಟದ ನೆತ್ತಿಯಲ್ಲಿ. ಆಗ ಸಂಖ್ಯೆ ನಾನು ಹೇಳ್ತೀನಿ, ಅನ್ನುತ್ತಾಳೆ ಒಬ್ಬಳು. ಹೆಸರುಗಳನ್ನು ನಾನು, ಅನ್ನುತ್ತಾಳೆ ಇನ್ನೊಬ್ಬಳು. ನಾನು ಯಾತನೆ ಹೇಳ್ತೀನಿ, ಅನ್ನುತ್ತಾಳೆ ಮೂರನೆಯವಳು. ಅಷ್ಟೇ. ಪದ್ಯ ಮುಗಿಯುವವರೆಗೂ ಯಾರೂ ಅವನ್ನು ಹೇಳುವುದಿಲ್ಲ. ಜರ್ಮನ್‌ನಲ್ಲಿ ಸಂಖ್ಯೆಗೆ 'ತ್ಸಾಲ್', ಯಾತನೆಗೆ 'ಕ್ವಾಲ್'. ಲೆಕ್ಕಕ್ಕೂ ನೋವಿಗೂ ಪ್ರಾಸ ಹಾಕಿದ. ನಡುವೆ ಇರುವ 'ಹೆಸರುಗಳು' ಮಾತ್ರ ಯಾವುದರ ಜೊತೆಗೂ ಪ್ರಾಸ ಆಗದೆ ಒಂಟಿಯಾಗಿ ನಿಂತಿದೆ.

ನನ್ನ ಪದ್ಯವನ್ನು ಆಮೇಲೆ ತಿದ್ದಲಿಲ್ಲ, ಹರಿದೂ ಹಾಕಲಿಲ್ಲ. ಆ ನಾಲ್ಕನೇ ಸಾಲು, ಸರ್ಕಾರ ಪರಿಹಾರ ಘೋಷಿಸಿದ್ದು, ಅದೊಂದನ್ನು ಮಾತ್ರ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಬೇಕೆಂದೇ ನಗಿಸುವ ಪದ್ಯವೊಂದಕ್ಕೆ ಆದೀತು.

ಟೇ ನದಿಯ ಮೇಲೆ 1887ರಲ್ಲಿ ಹೊಸ ಸೇತುವೆ ಬಂತು. ಮೆಕ್‌ಗೋನಗಲ್ ಅದಕ್ಕೂ ಒಂದು ಪದ್ಯ ಬರೆದ, ಈ ಸಲ ಗಟ್ಟಿ ಊರೆಗೋಡೆಗಳನ್ನು ಹೊಗಳಿ. ಹಳೇ ಕಂಬಗಳ ಬುಡ ಈಗಲೂ ಹೊಸ ಸೇತುವೆಯ ಪಕ್ಕ ಸಾಲಾಗಿ ನೀರಿನಿಂದ ತಲೆ ಎತ್ತಿ ನಿಂತಿವೆ. ನೀರಿನಿಂದ ಎತ್ತಿದ ಎಂಜಿನ್ನನ್ನು ರಿಪೇರಿ ಮಾಡಿ ಮತ್ತೆ ಓಡಿಸಿದರು, ಜನ ಅದಕ್ಕೆ 'ಡೈವರ್', ಅಂದರೆ ಮುಳುಗುಗಾರ ಅಂತ ಹೆಸರಿಟ್ಟರು. ಸತ್ತವರಿಗೆ ಅಲ್ಲಿ ಒಂದು ಸ್ಮಾರಕ ಆಗಲು 134 ವರ್ಷ ಬೇಕಾಯಿತು. 2013ರ ಡಿಸೆಂಬರ್ 28ರಂದು ನದಿಯ ಎರಡೂ ದಡದಲ್ಲಿ ಕಲ್ಲು ನಿಲ್ಲಿಸಿದರು. ಗುರುತು ಸಿಕ್ಕ 59 ಜನರ ಹೆಸರು ಅದರ ಮೇಲಿದೆ, ಒಂದರ ಕೆಳಗೆ ಒಂದು.